ಹುಳದ ಮನೆಯಲ್ಲಿ ಐದು ನಿಮಿಷಕ್ಕೊಂದು ಫ್ರೇಮ್

ನಾಲ್ಕನೇ ಜ್ವರಕ್ಕೆ ಹೋದ ರೇಷ್ಮೆ ಹುಳ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಹಾಗೇ ನಿಂತುಬಿಡುತ್ತದೆ. ಜ್ವರ ಎಂದರೆ ಕಾಯಿಲೆಯಲ್ಲ, ಹಳೆ ಚರ್ಮ ಕಳಚುವ ಹೊತ್ತು. ಆಗ ಅದಕ್ಕೆ ಸೊಪ್ಪು ಹಾಕುವಂತಿಲ್ಲ, ಅಲುಗಾಡಿಸುವಂತಿಲ್ಲ. ಕ್ಯಾಮೆರಾ ತಂದು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲವೆಂದು ನಮ್ಮ ಸ್ಟುಡಿಯೊ ಯಜಮಾನರು ಹೇಳಿದರು. ನನ್ನ ಬೇಸಿಗೆ ಇಂಟರ್ನ್‌ಶಿಪ್ಪಿನ ಕೊನೆಯ ಕೆಲಸ ಶುರುವಾದದ್ದು ಹೀಗೆ, ಅಲುಗಾಡದೆ ನಿಂತ ಸಾವಿರಾರು ಹುಳಗಳ ಎದುರು, ಉಸಿರು ಬಿಗಿಹಿಡಿದುಕೊಂಡು.

ಊರು ಕ್ಯಾಲನೂರಿನ ಕಡೆ. ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದನ್ನು ಬರೆಯಲೇ ಎಂದು ಆ ಮನೆಯ ಸೊಸೆಯನ್ನು ಕೇಳಿದ್ದಕ್ಕೆ ಅವಳು ಹಾಕಿದ ಷರತ್ತು ಅದೊಂದೇ.

ಕೆಲಸ ಕೊಟ್ಟದ್ದು ಒಂದು ಚಾಕಿ ಕೇಂದ್ರ. ಮೊಟ್ಟೆ ಒಡೆದ ಮರಿಹುಳಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರಿಗೆ ಕೊಡುವ ಖಾಸಗಿಯವರು. ತಮ್ಮ ಹುಳ ಒಂದು ಮನೆಯಲ್ಲಿ ಹೇಗೆ ಬೆಳೆದು ಗೂಡು ಕಟ್ಟಿತು ಎನ್ನುವುದನ್ನು ಮೂರು ನಿಮಿಷದಲ್ಲಿ ತೋರಿಸುವ ವೀಡಿಯೊ ಅವರಿಗೆ ಬೇಕಿತ್ತು. ಅದಕ್ಕೆ ಟೈಮ್‌ಲ್ಯಾಪ್ಸ್ ಬೇಕೆಂದು ವಾದ ಮಾಡಿದವಳು ನಾನೇ. ಕ್ಯಾಮೆರಾ ಒಂದೇ ಜಾಗದಲ್ಲಿ ನಿಂತು ಐದು ನಿಮಿಷಕ್ಕೊಂದು ಫ್ರೇಮ್ ತೆಗೆದರೆ, ವಾರದ ಬೆಳವಣಿಗೆ ಒಂದೂಕಾಲು ನಿಮಿಷದಲ್ಲಿ ಕಣ್ಣ ಮುಂದೆ ಓಡುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಅಭ್ಯಾಸವಿದ್ದವಳಿಗೆ ಯಜಮಾನರನ್ನು ಒಪ್ಪಿಸುವುದು ದೊಡ್ಡ ಕೆಲಸವೇನಲ್ಲ. ಅವರು ಒಪ್ಪಿ, "ಸರಿ ಲಾಯರಮ್ಮ, ಹಂಗಾದ್ರೆ ಕ್ಯಾಮೆರಾ ಕಾಯೋದೂ ನೀನೇ" ಎಂದರು. ಮದುವೆ ಸೀಜನ್ನು. ಕ್ಯಾಮೆರಾಮನ್ ಮುಳಬಾಗಿಲು, ಶ್ರೀನಿವಾಸಪುರ ಎಂದು ಛತ್ರದಿಂದ ಛತ್ರಕ್ಕೆ ಓಡುತ್ತಿದ್ದರು. ನನ್ನೂರು ಟೇಕಲ್‌ನಿಂದ ದಿನಾ ಬಂದು ಹೋಗುವ ದೂರವಲ್ಲ. ಆ ಮನೆಯಲ್ಲೇ ಉಳಿಯಬೇಕಾಯಿತು. ವೀಡಿಯೊದ ಕೊನೆಯಲ್ಲಿ ನನ್ನ ಹೆಸರು ಹಾಕುತ್ತೇನೆಂದು ಯಜಮಾನರು ಮಾತು ಕೊಟ್ಟಿದ್ದರು. ಕಾಲೇಜಿಗೆ ಒಪ್ಪಿಸಬೇಕಾದ ಪತ್ರವೂ ಆ ವೀಡಿಯೊ ಮುಗಿದ ಮೇಲೆಯೇ.

ಹುಳದ ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬಾನಿ ಇತ್ತು. ಕಾಲು ಅದ್ದಿ ಒಳಗೆ ಹೋಗಬೇಕು. ಪೌಡರು, ಸೆಂಟು ಹಾಕುವಂತಿಲ್ಲ. ಟ್ರೈಪಾಡಿನ ಕಾಲುಗಳನ್ನೂ ಆ ನೀರಲ್ಲಿ ಒರೆಸಿದೆ. ಇದೆಲ್ಲ ನನಗೆ ಹಿಡಿಸಿತು, ಕಾರಣ ಇದ್ದ ನಿಯಮಗಳು. ಮನೆಯ ಹಿರಿಯಾಕೆಯನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವರು ಪ್ರತಿ ಸಲ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಸ್ನಾನ ಆಯ್ತಾ ಪಾಪ?" ಎಂದು ಕೇಳುವರು. ಸೊಸೆ ನನ್ನ ವಯಸ್ಸಿನವಳೇ, ಮುಳಬಾಗಿಲಿನಿಂದ ಆಚೆ, ಆಂಧ್ರದ ಕಡೆಯ ಹುಡುಗಿ. ಅವಳನ್ನು ಮಾತ್ರ ಅವರು ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಆಕು ವೇಸಿನಾವಾ?" ಸೊಪ್ಪು ಹಾಕಿದೆಯಾ ಎಂದು. ಬೇರೇನೂ ಕೇಳಿದ್ದು ನಾನು ಕಾಣೆ. ಆಗ ಅದು ನನ್ನ ಗಮನಕ್ಕೂ ಬಂದಿರಲಿಲ್ಲ.

ಮೊದಲ ಪೆಟ್ಟು ಬೆಳಕಿನಿಂದ ಬಿತ್ತು. ಚಿಕ್ಕ ಎಲ್‌ಇಡಿ ದೀಪವೊಂದನ್ನು, ಹುಳಗಳನ್ನು ಅಂತಸ್ತು ಅಂತಸ್ತಾಗಿ ಸಾಕುವ ಸ್ಟ್ಯಾಂಡಿನ ಮೂಲೆಗೆ ಹಿಡಿಸಿದ್ದೆ. ಜ್ವರದಿಂದ ಎದ್ದ ಹುಳಗಳು ಬೆಳಕು ಸೇರದೆ ನಿಧಾನವಾಗಿ ಕತ್ತಲ ಕಡೆಗೆ ಸರಿದವು. ಮಾರನೇ ಬೆಳಿಗ್ಗೆ ನನ್ನ ಫ್ರೇಮಿನೊಳಗೆ ಬರೀ ಕಡ್ಡಿ. ದೀಪವನ್ನು ಗೋಡೆಗೆ ತಿರುಗಿಸಿ, ಮೇಲೆ ಬಿಳಿ ಪಂಚೆ ಕಟ್ಟಿ, ಬೆಳಕನ್ನು ಮಂಕು ಮಾಡಿದ ಮೇಲೆ ವಾಪಸ್ಸು ಬಂದವು. ಆಮೇಲೆ ಫೋಕಸ್ಸಿನ ತಕರಾರು. ಅಲ್ಲಿ ಸೊಪ್ಪನ್ನು ಕಡ್ಡಿ ಸಮೇತ ಹಾಕುತ್ತಾರೆ. ಹಾಕಿದಷ್ಟೂ ಹಾಸು ಮೇಲೇರುತ್ತದೆ, ಹುಳವೂ ಅದರ ಜತೆ ಮೇಲೇರುತ್ತದೆ. ಲೆನ್ಸಿನ ಉಂಗುರಕ್ಕೆ ಟೇಪ್ ಸುತ್ತಿ ಕೂರಿಸಿದ್ದ ನನ್ನ ಫೋಕಸ್ಸು ಸಂಜೆಯ ಹೊತ್ತಿಗೆ ಹಳೆಯ ಕಡ್ಡಿಗಳ ಮೇಲೇ ಉಳಿದು, ಹುಳಗಳೆಲ್ಲ ಮಸುಕಾಗಿದ್ದವು. ಕ್ಯಾಮೆರಾವನ್ನು ಎತ್ತರಿಸಿ, ಓರೆಯಾಗಿ ನಿಲ್ಲಿಸಿ, ಹಾಸು ಏರಿದರೂ ಹುಳ ಮಸುಕಾಗದಿರಲೆಂದು ಅಪರ್ಚರನ್ನು ಕಿರಿದು ಮಾಡಿದೆ. ಟ್ರೈಪಾಡಿನ ಮೂರೂ ಕಾಲಿಗೆ ಇಟ್ಟಿಗೆ ಆನಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಕರೆಂಟು ಹೋಗಿ ಬರುವ ಊರು, ಆದ್ದರಿಂದ ಬ್ಯಾಟರಿಯ ಮೇಲೇ ನಡೆಸಬೇಕು. ಬೆಳಿಗ್ಗೆ ಸಂಜೆ ಕ್ಯಾಮೆರಾ ಅಲುಗಾಡದ ಹಾಗೆ ಬ್ಯಾಟರಿಯನ್ನೂ ಕಾರ್ಡನ್ನೂ ಬದಲಿಸಬೇಕು. ಒಂದು ಕೂದಲೆಳೆ ಸರಿದರೂ ಓಡುವ ಚಿತ್ರದಲ್ಲಿ ಎಗರು ಕಾಣುತ್ತದೆ.

ಎಲ್ಲವೂ ಹತೋಟಿಗೆ ಬಂತು ಎನ್ನುವಾಗ ನಾನು ಮುಟ್ಟಾದೆ.

ಮುಟ್ಟಾದ ಹೆಂಗಸು ಹುಳದ ಮನೆಯೊಳಗೆ ಕಾಲಿಡಬಾರದು, ಇಟ್ಟರೆ ಹುಳಕ್ಕೆ ಹಾಲುತೊಂಡೆ ರೋಗ ಬರುತ್ತದೆ ಎನ್ನುವ ಮಾತು ಆ ಕಡೆಯ ಮನೆಗಳಲ್ಲಿ ಇದೆಯೆಂದು ನನಗೆ ಗೊತ್ತಿತ್ತು. ಸುಮ್ಮನೆ ಇದ್ದುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದ್ದು ಪ್ರಾಮಾಣಿಕತೆಗಾಗಿ ಅಲ್ಲ. ಹೇಳಿ ಗೆಲ್ಲುತ್ತೇನೆ ಅಂದುಕೊಂಡಿದ್ದೆ.

ದೊಡ್ಡಮ್ಮ ಅಂಗಳದಲ್ಲಿ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದರು. ಹುಳ ಗೂಡು ಕಟ್ಟುವುದಕ್ಕೆ ಬಿಡುವ ಬಿದಿರಿನ ದೊಡ್ಡ ತಟ್ಟೆಗಳು ಅವು. ನಾನು ಎದುರು ನಿಂತು ವಿಷಯ ತಿಳಿಸಿ, ಅವರು ಬಾಯಿ ತೆರೆಯುವ ಮೊದಲೇ ವಾದ ಮಂಡಿಸಿದೆ. ರೋಗ ಬರುವುದು ಮೊಟ್ಟೆಯಿಂದ, ಒದ್ದೆ ಸೊಪ್ಪಿನಿಂದ, ತೊಳೆಯದ ಕೈಕಾಲಿನಿಂದ, ಕೆಟ್ಟ ಗಾಳಿಯಿಂದ. ನಾನು ಇದ್ಯಾವುದೂ ಅಲ್ಲ. ಮುಟ್ಟಿಗೂ ಹುಳಕ್ಕೂ ಸಂಬಂಧ ಇದೆ ಎನ್ನುವವರು ಅದನ್ನು ತೋರಿಸಬೇಕು, ಇಲ್ಲ ಎನ್ನುವ ನಾನಲ್ಲ ತೋರಿಸಬೇಕಾದ್ದು. ಯಾವ ಕಾಲೇಜಿನ ವೇದಿಕೆಯಲ್ಲಾದರೂ ಬಹುಮಾನ ಬರುವ ಮಾತು. ಅವರು ಕೈಕೆಲಸ ಬಿಡದೆ ಪೂರ್ತಿ ಕೇಳಿಸಿಕೊಂಡರು.

"ಮುಗೀತಾ?"

ಮುಗೀತು ಎಂದೆ.

"ನೀ ಹೇಳಿದ್ದೆಲ್ಲಾ ಸರೀನೇ ಇರಬೋದು ಪಾಪ. ನಿನ್ ಮಾತು ಸುಳ್ಳಾದ್ರೆ ನಿಂಗೇನು ಹೋಗುತ್ತೆ? ಬಸ್ ಹತ್ಕೊಂಡು ಊರಿಗ್ ಹೋಗ್ತೀಯ. ನನ್ ಮಾತು ಸುಳ್ಳಾದ್ರೂ ಹೋಗೋದು ನಿನ್ ಸಿನಿಮಾ ಅಷ್ಟೇ." ಚಂದ್ರಿಕೆಯನ್ನು ಗೋಡೆಗೆ ಒರಗಿಸಿದರು. "ಹುಳ ಯಾರ್ದು?"

ಸತ್ಯ ಯಾವ ಕಡೆಗಿದೆ ಎನ್ನುವುದನ್ನಷ್ಟೇ ನಾನು ಯೋಚಿಸಿದ್ದೆ. ತಪ್ಪಾದರೆ ಪೆಟ್ಟು ಯಾರಿಗೆ ಎನ್ನುವುದನ್ನು ನಮ್ಮ ಸ್ಪರ್ಧೆಗಳಲ್ಲಿ ಯಾವ ತೀರ್ಪುಗಾರರೂ ಕೇಳಿರಲಿಲ್ಲ.

ಅಲ್ಲಿಂದ ನನ್ನ ಜಗತ್ತು ಕಿರಿದಾಯಿತು. ಹಿತ್ತಲ ಕಡೆಯ ಕೋಣೆ, ಬಚ್ಚಲು, ಹುಣಸೆ ಮರದ ನೆರಳು. ಎಡಕ್ಕೆ ಹಿಪ್ಪುನೇರಳೆ ತೋಟ, ಅದನ್ನು ಮುಟ್ಟುವಂತಿಲ್ಲ. ಬಲಕ್ಕೆ ಸೊಪ್ಪಿನ ಕೋಣೆ, ಅಲ್ಲಿಗೂ ಇಲ್ಲ. ಮುಂದೆ ಒಣಗಲು ಇಟ್ಟ ಚಂದ್ರಿಕೆಗಳು, ನೆರಳು ಕೂಡ ಬೀಳದ ಹಾಗೆ ಸುತ್ತಿ ಹೋಗಬೇಕು. ಹುಳದ ಮನೆಯ ಗೋಡೆ ನನ್ನಿಂದ ಹತ್ತು ಹೆಜ್ಜೆಯೂ ಇರಲಿಲ್ಲ. ಒಳಗೆ ಹುಳಗಳು ಸೊಪ್ಪು ಮೇಯುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಬಿಡದೆ ತೆಳು ಕಾಗದ ಮುದುರುತ್ತಿರುವ ಹಾಗೆ, ಕೇಳುತ್ತಲೇ ಇತ್ತು. ಅದರ ನಡುವೆ ಐದು ನಿಮಿಷಕ್ಕೊಮ್ಮೆ ಶಟರಿನ ಸಣ್ಣ ಟಿಕ್. ನಾನು ಕುಳಿತಲ್ಲಿಂದ ಆ ಟಿಕ್ಕನ್ನು ಕಾಯುತ್ತಿದ್ದೆ. ಬ್ಯಾಟರಿ ಸತ್ತರೆ ಅದು ನಿಲ್ಲುತ್ತದೆ, ನಿಂತರೆ ಇಷ್ಟು ದಿನದ್ದೆಲ್ಲ ವ್ಯರ್ಥ.

ಯಜಮಾನರಿಗೆ ಫೋನ್ ಮಾಡಿದೆ. ಅವರು ಯಾವುದೋ ಛತ್ರದಲ್ಲಿದ್ದರು, ಹಿಂದೆ ವಾಲಗ. ವಿಷಯ ಕೇಳಿ, "ಯಾಕಮ್ಮ ಹೇಳೋಕ್ ಹೋದೆ? ಎಲ್ಲಾ ಕಡೆ ಬಾಯಿ ಬಿಡ್ಬೇಕಾ?" ಎಂದರು. ಬೇರೆ ಯಾರನ್ನಾದರೂ ಕಳಿಸಿ ಎಂದೆ. ಯಾರೂ ಇಲ್ಲ. ನಾನು ಹೊರಟುಬರಲೇ ಎಂದೆ. "ಬಾ. ಕ್ಯಾಮೆರಾ ಅಲ್ಲೇ ಬಿಟ್ಟು ಬರೋದಾದ್ರೆ ಇಂಟರ್ನ್‌ಶಿಪ್ಪೂ ಅಲ್ಲೇ ಬಿಟ್ಟು ಬಾ."

ಆ ಮನೆಯ ಮಗ ವೇಮಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುವವನು, ಮನೆಯಲ್ಲಿ ಎಚ್ಚರವಾಗಿರುವ ಹೊತ್ತೇ ಕಡಿಮೆ. ದೊಡ್ಡಮ್ಮನ ಗಂಡ ತೋಟದಿಂದ ಸೊಪ್ಪು ಕೊಯ್ದು ತರುವರು, ಕ್ಯಾಮೆರಾ ಕಂಡರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುವರು. ದೊಡ್ಡಮ್ಮನಿಗೆ ಮಂಡಿ ನೋವು. ಉಳಿದವಳು ಸೊಸೆ.

ಹುಳದ ಮನೆಯ ಕಿಟಕಿಗೆ ನೊಣ ಬಾರದ ಹಾಗೆ ನೈಲಾನ್ ಬಲೆ ಬಿಗಿದಿದ್ದರು. ಬಲೆಯ ಆಚೆ ಅವಳು, ಈಚೆ ನಿಂತು ಹೇಳಿಕೊಡುವ ನಾನು. ಕೆಂಪು ದೀಪ ಮಿಣುಕುವುದು ನಿಂತ ಮೇಲೆ ಮಾತ್ರ ಕೈ ಹಾಕು. ಎಡಗೈಯಲ್ಲಿ ಕ್ಯಾಮೆರಾದ ತಲೆಯನ್ನು ಒತ್ತಿ ಹಿಡಿ, ಬಲಗೈಯಲ್ಲಿ ಕೆಳಗಿನ ಮುಚ್ಚಳ ತೆಗಿ. ಬ್ಯಾಟರಿ ಕಿತ್ತು ಬೇರೆಯದು ಕೂರಿಸು, ಟಕ್ ಎನ್ನಬೇಕು. ಕಾರ್ಡನ್ನು ಒಳಕ್ಕೆ ಒತ್ತಿದರೆ ತಾನೇ ಹೊರಗೆ ಬರುತ್ತದೆ. ಅವಳು ಒಂದೊಂದನ್ನೂ ನನ್ನ ಮಾತಿನ ವೇಗಕ್ಕೆ ಮಾಡಿದಳು. ಮುಚ್ಚಳ ಬಿಗಿಯಾಗಿತ್ತು, ಜಗ್ಗಿದಾಗ ಕ್ಯಾಮೆರಾದ ತಲೆ ಒಂದಿಷ್ಟು ಎಡಕ್ಕೆ ತಿರುಗಿದ್ದನ್ನು ನಾನು ಬಲೆಯ ಮೂಲಕ ಕಂಡೆ. ಹೋಯಿತು ಎಂದುಕೊಂಡೆ. ವಾಪಸ್ಸು ತಿರುಗಿಸಲು ಹೇಳಿದರೆ ಇನ್ನೂ ಕೆಡುತ್ತದೆ. ಹಾಗೇ ಬಿಡು ಎಂದೆ.

ತೆಗೆದ ಕಾರ್ಡನ್ನು ಕೊಡಲು ಅವಳು ಹೊರಗೆ ಬಂದಳು. ಮುಟ್ಟಾದವರಿಗೆ ಏನನ್ನೂ ಕೈಗೆ ಕೊಡುವುದಿಲ್ಲ, ನೆಲಕ್ಕಿಟ್ಟು ಸರಿಯುತ್ತಾರೆ. ಊಟದ ತಟ್ಟೆಯೂ ನನಗೆ ಹಾಗೇ ಬರುತ್ತಿತ್ತು. ಅವಳು ನೇರ ನನ್ನ ಅಂಗೈಯಲ್ಲಿಟ್ಟಳು. ಒಳಗೆ ಹೋಗೋಳು ನೀನು, ನನ್ನ ಮುಟ್ಟಬಹುದಾ ಎಂದು ಕೊಂಕು ತೆಗೆದೆ.

"ನಂಗೂ ಆಗೈತೆ ಅಕ್ಕ. ನಿನ್ನೆಯಿಂದ."

ನಾನು ಹುಳದ ಮನೆಯ ಬಾಗಿಲ ಕಡೆ ನೋಡಿದೆ.

"ಹೇಳಿದ್ರೆ ಹುಳಕ್ಕೆ ಸೊಪ್ಪು ಹಾಕೋರ್ ಯಾರು? ಅತ್ತೆ ಕೈಲಿ ಸ್ಟ್ಯಾಂಡ್ ಹತ್ತಕಾಗಲ್ಲ." ನಂತರ ಸ್ವಲ್ಪ ಸಿಟ್ಟಿನಲ್ಲಿ, "ನೀವು ಹೇಳ್ಬಾರ್ದಾಗಿತ್ತು. ಈಗ ನೋಡಿ, ನಂಗೆ ಎರಡು ಕೆಲಸ."

ಒಳಗಿನಿಂದ ದೊಡ್ಡಮ್ಮ ಕೂಗಿದರು: ಆಕು ವೇಸಿನಾವಾ? ಅವಳು ಕಾಲನ್ನು ಬಾನಿಯಲ್ಲಿ ಅದ್ದಿ ಒಳಗೆ ಹೋದಳು. ನನಗೆ ಸ್ನಾನದ ಪ್ರಶ್ನೆ, ಅವಳಿಗೆ ಸೊಪ್ಪಿನ ಪ್ರಶ್ನೆ ಏಕೆಂದು ನಾನು ಮೊದಲ ಸಲ ಯೋಚಿಸಿದ್ದು ಆಗ. ಮುಟ್ಟಿನ ಹೆಸರೆತ್ತದೆ ಮುಟ್ಟನ್ನೇ ವಿಚಾರಿಸುವ ಆ ಸ್ನಾನದ ಪ್ರಶ್ನೆಯನ್ನು ಸೊಸೆಗೆ ಕೇಳಿದರೆ ಉತ್ತರ ಬಂದುಬಿಡಬಹುದು. ಅದು ದೊಡ್ಡಮ್ಮನಿಗೆ ತಿಳಿದಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಅಂದು ಸಂಜೆ ಹುಣಸೆ ಮರದ ಕೆಳಗೆ ಕುಳಿತು ಹಲ್ಲು ಕಡಿದೆ. ನಾನು ಕೇಳಿದ್ದ ಸಾಕ್ಷಿ ಅದೇ ಗೋಡೆಯ ಆಚೆ ಓಡಾಡುತ್ತಿತ್ತು. ಬೆಳೆ ಚೆನ್ನಾಗಿ ಬಂದರೆ ದೊಡ್ಡಮ್ಮನ ಮುಂದೆ ನಿಂತು ಒಂದೇ ವಾಕ್ಯ ಹೇಳಿದರೆ ಸಾಕು, ವಾದ ಮುಗಿದ ಹಾಗೆ. ಆದರೆ ಗೆದ್ದು ನಾನು ಬಸ್ಸು ಹತ್ತುತ್ತೇನೆ, ಅವಳು ಆ ಮನೆಯಲ್ಲೇ ಇರುತ್ತಾಳೆ. ಬೆಳೆ ಕೆಟ್ಟರೆ ಇನ್ನೂ ಘೋರ, ಮುಟ್ಟಾಗಿ ಒಳಗೆ ಹೋದವಳು ಅವಳೊಬ್ಬಳೇ ಎಂದು ತಿಳಿದವಳು ನಾನೊಬ್ಬಳೇ, ಬಾಯಿಬಿಟ್ಟರೆ ತಪ್ಪೆಲ್ಲ ಅವಳ ಮೇಲೆ. ಹುಳ ಯಾರ್ದು ಎಂದು ದೊಡ್ಡಮ್ಮ ಕೇಳಿದ್ದರು. ಈ ವಾದ ಯಾರದು ಎಂದು ನನಗೆ ನಾನೇ ಕೇಳಿಕೊಂಡಾಗ ಉತ್ತರ ಅಷ್ಟೇ ಸುಲಭವಾಗಿತ್ತು, ಅಷ್ಟೇ ಕಹಿಯಾಗಿತ್ತು. ಬಾಯಿ ಮುಚ್ಚಿಕೊಂಡಿರುವುದೆಂದು ತೀರ್ಮಾನಿಸಿದೆ. ಇಪ್ಪತ್ತು ವರ್ಷದಲ್ಲಿ ಅಷ್ಟು ಕಷ್ಟದ ಕೆಲಸ ನಾನು ಮಾಡಿರಲಿಲ್ಲ.

ಮುಟ್ಟು ಕಳೆದು, ತಲೆಗೆ ನೀರು ಹಾಕಿಕೊಂಡು ಮತ್ತೆ ಒಳಗೆ ಹೋದೆ. ಕ್ಯಾಮೆರಾದ ತಲೆಯನ್ನು ಹಳೆಯ ಫ್ರೇಮಿಗೆ ಹೊಂದಿಸಿದೆ. ಹುಳ ಹಣ್ಣಾಯಿತು, ಎಂದರೆ ಮೇಯುವುದನ್ನು ನಿಲ್ಲಿಸಿ ಮೈಯೆಲ್ಲ ಹಳದಿಗೆ ತಿರುಗಿ ಬಾಯಿಂದ ನೂಲು ಬಿಡಲು ಶುರುಮಾಡಿತು. ಅದನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ನನ್ನನ್ನೂ ಸೇರಿಸಿಕೊಂಡು ಎಲ್ಲರೂ ಊಟ ಮರೆತರು. ರೋಗ ಬರಲಿಲ್ಲ. ಗೂಡು ಗಟ್ಟಿಯಾಗಿ, ಒಂದೇ ಅಳತೆಯಾಗಿ, ಚಂದ್ರಿಕೆಯ ತುಂಬ ಬಂತು.

ಗೂಡು ಬಿಡಿಸುವ ದಿನ ಯಜಮಾನರು ಕ್ಯಾಮೆರಾಮನ್ ಜತೆ ಬಂದರು. ದೊಡ್ಡಮ್ಮನನ್ನು ಅಂಗಳದಲ್ಲಿ ಕೂರಿಸಿ ಸೆರಗಿಗೆ ಮೈಕು ಸಿಕ್ಕಿಸಿದೆ. ಹೆಡ್‌ಫೋನು ನನ್ನ ಕಿವಿಯಲ್ಲಿ. ಬೆಳೆ ಇಷ್ಟು ಚೆನ್ನಾಗಿ ಬರಲು ಕಾರಣವೇನೆಂದು ಯಜಮಾನರು ಕೇಳಿದರು. ಚಾಕಿ ಕೇಂದ್ರದ ಹೆಸರು ಬರಲಿ ಎಂದು ಕಾಯುತ್ತಿದ್ದರು. ದೊಡ್ಡಮ್ಮ ನನ್ನ ಕಡೆ ಕೈ ತೋರಿಸಿದರು.

"ಈ ಹುಡುಗಿ ನೋಡಿ, ಓದಿದೋಳು. ನನ್ ಜತೆ ವಾದ ಮಾಡಿದ್ಲು. ಆದ್ರೂ ಹೊರಗಾದಾಗ ಬಾಗ್ಲು ದಾಟ್ಲಿಲ್ಲ. ಆ ನೇಮ ಉಳಿಸಿದ್ದಕ್ಕೇ ಗೂಡು ಹಿಂಗ್ ಬಂದಿರೋದು."

ಪ್ರೀತಿಯಿಂದ ಹೇಳಿದ ಮಾತು. ಮೈಕು ಅಷ್ಟು ಹತ್ತಿರವಿದ್ದುದರಿಂದ ಅವರ ಉಸಿರು ಕೂಡ ನನ್ನ ಕಿವಿಯೊಳಗೆ ಬಿತ್ತು. ಅವರ ಹಿಂದೆ ಸೊಸೆ ಚಂದ್ರಿಕೆಯೊಂದನ್ನು ಹೊತ್ತು ನಿಂತಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವಳ ಮುಖದಲ್ಲಿ ಬೇಡಿಕೆ ಇರಲಿಲ್ಲ, ನಾನು ಏನು ಮಾಡುತ್ತೇನೆಂಬ ಕುತೂಹಲ ಇತ್ತು ಅಷ್ಟೇ. ನಾನು ಮೈಕಿನ ಲೆವೆಲ್ ಸರಿಮಾಡುವವಳ ಹಾಗೆ ತಲೆ ತಗ್ಗಿಸಿದೆ.

ಕೋಲಾರದ ನಮ್ಮ ಎಡಿಟಿಂಗ್ ಕೋಣೆಗೆ ಕಿಟಕಿಯಿಲ್ಲ. ಗೋಡೆಗೆ ಕಪ್ಪು ಸ್ಪಂಜು ಅಂಟಿಸಿದ್ದಾರೆ, ಒಳಗೆ ಮಾತಾಡಿದರೆ ಮಾತು ಅಲ್ಲೇ ಇಂಗುತ್ತದೆ. ಯಜಮಾನರು ನನ್ನ ಹಿಂದಿನ ಕುರ್ಚಿಯಲ್ಲಿ ಕೂತು, ವೀಡಿಯೊ ಆ ಮಾತಿನಿಂದಲೇ ಮುಗಿಯಬೇಕು ಎಂದರು. ನಾನು ವಿರೋಧಿಸಿದೆ. ಗಿರಾಕಿ ಚಾಕಿ ಕೇಂದ್ರದವರು, ಬೆಳೆಗೆ ನೇಮ ಕಾರಣವಾದರೆ ಅವರ ಹುಳಕ್ಕೆ ಏನು ಹೆಸರು ಬಂತು? ಅದು ನನ್ನ ಬಳಿ ಇದ್ದ ಒಳ್ಳೆಯ ಪಾಯಿಂಟು. ಅವರು ನಕ್ಕರು. ಆ ತುಣುಕನ್ನು ಆಗಲೇ ಕೇಂದ್ರದವರಿಗೆ ಕಳಿಸಿದ್ದರಂತೆ, ಅವರಿಗೆ ಕಣ್ಣಲ್ಲಿ ನೀರು ಬಂತಂತೆ.

"ಬೇಡ ಅಂದ್ರೆ ಕಾರಣ ಹೇಳು ಲಾಯರಮ್ಮ. ಸರಿಯಾದ ಕಾರಣ ಕೊಡು, ಈಗ್ಲೇ ತೆಗೀತೀನಿ."

ಕಾರಣ ನಾಲಿಗೆಯ ಮೇಲೇ ಇತ್ತು. ಅವರಿಗೆ ಹೇಳಿದರೆ ಕೇಂದ್ರದವರಿಗೆ, ಕೇಂದ್ರದವರಿಂದ ಆ ಮನೆಗೆ. ನಮ್ಮ ಸೀಮೆಯಲ್ಲಿ ಮಾತು ಹೋಗುವ ದಾರಿ ನನಗೆ ಗೊತ್ತು. ಆ ಕೋಣೆಯ ಬಾಗಿಲು ತೆರೆದೇ ಇತ್ತು, ನಾನು ಎದ್ದುಹೋಗಬಹುದಿತ್ತು. ಎದ್ದರೆ ಬೇರೆ ಯಾರಾದರೂ ಕೂತು ಅದೇ ಮಾತನ್ನು ಇನ್ನೂ ದೊಡ್ಡ ಸಂಗೀತ ಹಾಕಿ ಮುಗಿಸುತ್ತಿದ್ದರು. ಕಾರಣ ಇಲ್ಲ ಸರ್ ಎಂದೆ.

ಟೈಮ್‌ಲೈನ್ ಮೇಲೆ ಆ ಮಾತಿನ ಧ್ವನಿ ಹರಡಿಕೊಂಡಿತ್ತು. ಅದರ ಕೆಳಗೆ ಚಿತ್ರ ಬೇಕಿತ್ತು. ಯಜಮಾನರು ಗೂಡಿನ ರಾಶಿ ಹಾಕು ಎಂದರು. ನಾನು ಟೈಮ್‌ಲ್ಯಾಪ್ಸಿನ ಕಡತ ತೆರೆದು, ಫ್ರೇಮು ಎಡಕ್ಕೆ ಸರಿದಿದ್ದ ಭಾಗವನ್ನು ಕತ್ತರಿಸಿ ಅಲ್ಲಿಟ್ಟೆ. ನಾನು ಹೊರಗಿದ್ದ ದಿನಗಳು. ಈ ಎಗರು ಯಾಕೆ ಎಂದರು. ಬೇರೆ ಕಡೆ ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ, ಮಾತಿನ ಕೆಳಗಾದರೆ ಜನ ಮಾತು ಕೇಳುತ್ತಾರೆ, ಎಗರನ್ನು ನೋಡುವುದಿಲ್ಲ ಎಂದೆ. ಅದು ನಿಜವೂ ಹೌದು. ಅವರಿಗೆ ಸರಿ ಅನ್ನಿಸಿತು, ಚಹಾಕ್ಕೆ ಹೋದರು.

ಐದು ನಿಮಿಷಕ್ಕೊಂದೇ ಫ್ರೇಮ್ ಆದ್ದರಿಂದ ಸೊಪ್ಪು ಹಾಕುವ ಕೈ ಎಲ್ಲೋ ಒಂದರಲ್ಲಿ ಸಿಕ್ಕಿ ಮಿಂಚಿ ಮಾಯವಾಗುತ್ತದೆ. ಹುಡುಕಿದೆ. ಒಂದರಲ್ಲಿ ಪೂರ್ತಿ ಸಿಕ್ಕಿತ್ತು: ಮೊಣಕೈವರೆಗೆ ಕಾಣುವ ಕೈ, ಹಸಿರು ಗಾಜಿನ ಬಳೆ, ಬೆರಳುಗಳ ನಡುವೆ ಕಡ್ಡಿ ಸೊಪ್ಪು, ಕೆಳಗೆ ತಲೆಯೆತ್ತಿದ ಹುಳಗಳು. "ಬಾಗ್ಲು ದಾಟ್ಲಿಲ್ಲ" ಎನ್ನುವ ಮಾತು ಬರುವಲ್ಲಿ ಆ ಫ್ರೇಮನ್ನು ಎರಡು ಸೆಕೆಂಡು ನಿಲ್ಲಿಸಿದೆ.

ಅಷ್ಟೇ ನಾನು ಮಾಡಿದ್ದು. ಇದನ್ನು ಗೆಲುವು ಎನ್ನುವುದಿಲ್ಲ. ನೋಡಿದವರಿಗೆ ಅದು ಸೊಪ್ಪು ಹಾಕುತ್ತಿರುವ ಒಂದು ಕೈ. ನನ್ನ ಹೆಸರು ಕೊನೆಯಲ್ಲಿ ಬಂತು, ನಾನು ನಂಬದ ಮಾತಿನ ಕೆಳಗೆ, ಆ ಮಾತಿಗೆ ಸಾಕ್ಷಿಯಾಗಿ. ಯಜಮಾನರು ಕಾಲೇಜಿಗೆ ಕೊಟ್ಟ ಪತ್ರದಲ್ಲಿ ನನ್ನ ಮಾತುಗಾರಿಕೆಯನ್ನು ವಿಶೇಷವಾಗಿ ಹೊಗಳಿದ್ದರು.

ವೀಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಗಿ ಆ ಊರನ್ನೂ ಮುಟ್ಟಿತು. ಕಾಲೇಜು ಶುರುವಾದ ಮೇಲೆ ಒಂದು ಮಧ್ಯಾಹ್ನ ಸೊಸೆ ಫೋನ್ ಮಾಡಿದಳು. ಅತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದಾರಂತೆ. ಕೈ ಕಂಡಾಗ ನಿಲ್ಲಿಸಿ, ಇದು ನಮ್ ಸೊಸೆ ಕೈ, ಬಳೆ ನೋಡ್ರಿ ಎನ್ನುತ್ತಾರಂತೆ. ಹೇಳುತ್ತಾ ಅವಳಿಗೆ ನಗು ತಡೆಯಲಿಲ್ಲ. ನನಗೂ ತಡೆಯಲಿಲ್ಲ. ಆಮೇಲೆ ದನಿ ತಗ್ಗಿಸಿದಳು. ಹೊಸ ಹುಳ ಬಂದಿದೆ, ಮೊನ್ನೆ ಮೂರನೇ ಜ್ವರದಿಂದ ಎದ್ದವು, ಅದೇ ದಿನ ತನಗೂ ಮತ್ತೆ ಆಯಿತು ಎಂದಳು.

"ಅತ್ತೆಗೆ ಹೇಳಿದ್ಯಾ?" ಎಂದೆ.

ಹಿಂದೆ ಕಾಗದ ಮುದುರುವಂಥ ಆ ಸದ್ದು ಕೇಳುತ್ತಿತ್ತು.

"ಸೊಪ್ಪು ಹಾಕ್ದೆ" ಎಂದಳು.